ಸುರಪುರದ ಏರಿಗೆ ಮರುತೂಕ

ಮನೆಯ ಬಾಗಿಲಿಗೆ ಚಿಲಕ ಹಾಕಿ ಹತ್ತು ಹೆಜ್ಜೆ ಹೋದ ಮೇಲೆ ತಿರುಗಿ ಬಂದು ಅದನ್ನು ಎಳೆದು ನೋಡುವುದು ಸಾಬಣ್ಣನ ಚಟ. ಯಾದಗಿರಿಯ ಅಡತಿ ಬಜಾರಿನಲ್ಲಿ ಶೇಂಗಾ, ಹತ್ತಿ ತೂಗುವ ಕೆಲಸ ಅವನದು. ಹನ್ನೆರಡು ವರ್ಷದಿಂದ ತಕ್ಕಡಿ ಹಿಡಿದಿದ್ದರೂ, ಮುಳ್ಳು ನಿಂತ ಮೇಲೆ ಇನ್ನೊಂದು ಉಸಿರಿನಷ್ಟು ಹೊತ್ತು ಕಾಯದೆ ತೂಕ ಕೂಗಿದವನಲ್ಲ.

ಆ ಬಜಾರಿನಲ್ಲಿ ಒಂದು ವಾಡಿಕೆ ಇತ್ತು. ತೂಗಿದ ಚೀಲ ಗಾಡಿ ಏರುವ ಮುನ್ನ ಯಾರಿಗಾದರೂ ಅನುಮಾನ ಬಂದರೆ ‘ಮರುತೂಕ’ ಎನ್ನಬಹುದು. ಆಗ ಚೀಲ ಇಳಿಸಿ ಮೊದಲಿನಿಂದ ತೂಗಬೇಕು. ಎರಡನೆಯ ತೂಕದಿಂದ ಯಾರಿಗೆ ನಷ್ಟವಾದರೂ ಅದೇ ಖಾಯಂ. ಕೇಳುವವರು ಸಾಮಾನ್ಯವಾಗಿ ರೈತರು, ಇಲ್ಲವೇ ವ್ಯಾಪಾರಿಗಳು. ತೂಗಿದವನೇ ತನ್ನ ತೂಕಕ್ಕೆ ಮರುತೂಕ ಕೇಳಿದ್ದು ಬಜಾರಿನಲ್ಲಿ ಸಾಬಣ್ಣ ಒಬ್ಬನೇ. ಹಮಾಲರು ಅವನಿಗೆ ‘ಮರುತೂಕದ ಸಾಬಣ್ಣ’ ಎಂದೇ ಹೆಸರಿಟ್ಟಿದ್ದರು.

ಇಂಥವನು ಮೂರು ದಿನದ ಸೈಕಲ್ ಪಂದ್ಯಕ್ಕೆ ಹೆಸರು ಕೊಟ್ಟಾಗ ಬಜಾರು ಬಾಯಿ ತುಂಬ ನಕ್ಕಿತು.

ಪೊಲೀಸ್ ಕಾರ್ಯಾಚರಣೆ ಆಗಿ ಏಳು ವರ್ಷ ಕಳೆದಿತ್ತು. ಹೈದರಾಬಾದ್ ರಾಜ್ಯ ಒಡೆಯುತ್ತದಂತೆ, ನಮ್ಮ ಕಡೆಯ ಜಿಲ್ಲೆಗಳು ಮೈಸೂರಿನವರ ಜೊತೆ ಸೇರುತ್ತವಂತೆ ಎಂಬ ಮಾತು ಚಹಾದಂಗಡಿಗಳಲ್ಲಿ ದಿನವೂ ಕುದಿಯುತ್ತಿತ್ತು. ಆ ಹುಮ್ಮಸ್ಸಿನಲ್ಲೇ ಊರಿನ ಯುವಕ ಸಂಘದವರು ಪಂದ್ಯ ಸಾರಿದ್ದರು. ಮೊದಲ ದಿನ ಯಾದಗಿರಿಯಿಂದ ಶಹಾಪುರ. ಎರಡನೆಯ ದಿನ ಅಲ್ಲಿಂದ ಸುರಪುರಕ್ಕೆ ಹೋಗಿ ತಿರುಗಿ ಶಹಾಪುರ. ಮೂರನೆಯ ದಿನ ಮರಳಿ ಯಾದಗಿರಿ. ದಾರಿಯಲ್ಲಿ ಹನ್ನೆರಡು ಏರುಗಳಿಗೆ ಕೆಳಗೊಂದು ಮೇಲೊಂದು ಸುಣ್ಣದ ಗೆರೆ. ಗೆರೆಗಳ ನಡುವೆ ಕಾಲು ನೆಲಕ್ಕೆ ಊರಿದರೆ ಚೀಟಿಯ ಮೇಲೆ ಒಂದು ಗೀಟು. ಪ್ರತಿದಿನ ಹೊತ್ತು ಮುಳುಗುವುದರೊಳಗೆ ಠಿಕಾಣಿ ಮುಟ್ಟಬೇಕು. ಕೊನೆಗೆ ಯಾರ ಗೀಟು ಕಡಿಮೆಯೋ ಅವನೇ ಗೆದ್ದವ. ಗೀಟು ಸಮವಾದರೆ ಮೊದಲು ಮುಟ್ಟಿದವನು.

ಗೆದ್ದವನಿಗೆ ಒಂದು ಗ್ಯಾಸಬತ್ತಿ.

ಸಾಬಣ್ಣ ಹೆಸರು ಕೊಟ್ಟದ್ದು ಅದಕ್ಕೇ. ನೀಲಕಂಠ ಮಾಸ್ತರರು ದಿನವೂ ಸಂಜೆ ನಡೆಸುವ ಶಾಲೆಯಲ್ಲಿ ಮೂರು ವರ್ಷದಿಂದ ಅವನು ಅಕ್ಷರ ಕಲಿಯುತ್ತಿದ್ದ. ಹತ್ತೊಂಬತ್ತು ಜನಕ್ಕೆ ಎರಡು ಲಾಟೀನು. ಶಾಲೆಯ ಕಸ ಗುಡಿಸುವ ಮಲ್ಲಾಬಾಯಿ ಗುಡಿಸಿ ಮುಗಿಸಿ ಹಿಂದಿನ ಸಾಲಿನಲ್ಲಿ ತಾನೂ ಪಾಟಿ ಹಿಡಿದು ಕೂರುತ್ತಿದ್ದಳು. ಒಂದು ಸಂಜೆ ಆಕೆ ಪಾಟಿ ಕೆಳಗಿಟ್ಟು, “ನನ್ನ ಕಣ್ಣು ಹೋಗ್ಯಾವ್ರಿ ಮಾಸ್ತರ್. ಇರುವಿ ಹರದಾಡಿದಂಗ ಕಾಣ್ತದ. ಮುಂದಿನ ತಿಂಗಳದಿಂದ ಬರೇ ಗುಡಸ್ತೀನಿ, ಕೂಡಂಗಿಲ್ಲ” ಎಂದಳು.

ಸಾಬಣ್ಣನಿಗೆ ಅದು ನಂಬಿಕೆಯಾಗಲಿಲ್ಲ. ಮರುದಿನ ಬಿಸಿಲಿನಲ್ಲಿ ಆಕೆಯನ್ನು ಹಿಟ್ಟಿನ ಗಿರಣಿಯ ಮುಂದೆ ನಿಲ್ಲಿಸಿ ಬೋರ್ಡು ಓದಿಸಿದ. ಆಕೆ ತಡವರಿಸದೆ ಓದಿದಳು. ಖಾತ್ರಿಗೆಂದು ಎರಡು ಹೆಜ್ಜೆ ಹಿಂದೆ ನಿಲ್ಲಿಸಿ ಮತ್ತೊಮ್ಮೆ ಓದಿಸಿದ. ಕಣ್ಣು ನೆಟ್ಟಗಿದ್ದವು. ಲಾಟೀನೇ ಸಾಲದಾಗಿತ್ತು.

ಸೈಕಲ್ಲು ಮಾಸ್ತರರದು. ಮೂವತ್ತೆರಡು ವರ್ಷದ ಸಾಬಣ್ಣನಿಗೆ ಕಾಲಲ್ಲಿ ಬಲ ಅಷ್ಟಕ್ಕಷ್ಟೇ. ಆದರೆ ಅವನ ಅಪ್ಪ ಕುರಿ ಮೇಯಿಸಿದವನು. ಕುರಿಹಿಂಡು ಗುಡ್ಡವನ್ನು ನೆಟ್ಟಗೆ ಏರುವುದಿಲ್ಲ, ಅಡ್ಡಡ್ಡ ನಡೆದು, ತಿರುಗಿ, ಮತ್ತೆ ಅಡ್ಡ ನಡೆದು ಮೇಲೆ ಹೋಗುತ್ತದೆ ಎಂಬುದನ್ನು ಸಾಬಣ್ಣ ಹುಡುಗನಿದ್ದಾಗಿನಿಂದ ಕಂಡಿದ್ದ. ಮೊದಲ ದಿನ, ಮೊದಲ ಏರಿನಲ್ಲಿ ಅವನು ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಸೈಕಲ್ ಹೊರಳಿಸುತ್ತ ಏರತೊಡಗಿದಾಗ ಜೊತೆಯವರು ಹುಯಿಲಿಟ್ಟರು.

“ಏನೋ ಸಾಬಣ್ಣ, ರಸ್ತಿ ಅಗಲ ಅಳಿಯಾಕತ್ತೀ ಏನು?” ಎಂದು ಕೂಗಿದವನು ಮೈನುದ್ದೀನ. ಸೈಕಲ್ ಅಂಗಡಿ ಇಟ್ಟಿದ್ದ ಇಪ್ಪತ್ನಾಲ್ಕರ ಪೈಲ್ವಾನ. ಅವನು ಏರನ್ನು ನೆಟ್ಟಗೆ, ಬಾಣದ ಹಾಗೆ ಏರುತ್ತಿದ್ದ.

“ನೀ ಮುಂದ ನಡೀಪಾ. ನಾ ಕುರಿ ಕಾಯೋರ ಮಗ, ಹಿಂದಿಂದ ಬರ್ತೀನಿ.”

ಹನ್ನೊಂದು ಜನ ಹೊರಟಿದ್ದರು. ಭೀಮಾ ದಾಟಿ ಶಹಾಪುರ ಮುಟ್ಟುವಷ್ಟರಲ್ಲಿ ಏಳು ಜನ ಉಳಿದರು. ಶಹಾಪುರದ ಗುಡ್ಡದ ಏರಿನಲ್ಲಿ ಚೈನು ಕಳಚಿ ಮೈನುದ್ದೀನನ ಕಾಲೂ ಒಮ್ಮೆ ನೆಲ ಮುಟ್ಟಿತು. ಆ ಸಂಜೆ ಗೀಟಿಲ್ಲದ ಚೀಟಿ ಸಾಬಣ್ಣನದೊಂದೇ. ಅವನು ಅದನ್ನು ತಿರುಗಿಸಿ, ಹಿಂಬದಿಯಲ್ಲೇನಾದರೂ ಗೀಟಿದೆಯೇ ಎಂದು ನೋಡಿದ.

ಎರಡನೆಯ ದಿನದ ಕಠಿಣ ಏರು ಸುರಪುರ ಊರೊಳಗಿನದು. ಎರಡೂ ಕಡೆ ಹೆಬ್ಬಂಡೆಗಳು, ನಡುವೆ ಕಲ್ಲು ಹುಗಿದ ಇಕ್ಕಟ್ಟಾದ ರಸ್ತೆ, ಅರ್ಧದಲ್ಲಿ ಒಂದು ತಿರುವು. ಅಲ್ಲಿ ಗೀಟು ಹಾಕಲು ನಿಂತವನು ಸುಲ್ತಾನಸಾಬ, ಕಚೇರಿಯಲ್ಲಿ ಚಪರಾಸಿಯಾಗಿದ್ದು ನಿವೃತ್ತನಾದ ಮುದುಕ. ಸಾಬಣ್ಣ ತಿರುವಿಗೆ ಬಂದಾಗ ಬಂಡೆಯ ಮರೆಯಿಂದ ಒಂದು ಆಡು ಜಿಗಿಯಿತು. ಸೈಕಲ್ಲು ಓಲಿತು. ಎಡಗಾಲು ಪೆಡಲಿನಿಂದ ಜಾರಿ ಕೆಳಗೆ ಹೋಯಿತು. ಹೆಬ್ಬೆರಳಿಗೆ ಏನೋ ತಾಗಿದಂತಾಯಿತು. ಮರುಕ್ಷಣ ಕಾಲು ಪೆಡಲಿನ ಮೇಲಿತ್ತು, ಸೈಕಲ್ಲು ಏರುತ್ತಿತ್ತು.

ಬದಿಯಲ್ಲೇ ನಡೆದು ಬಂದ ಸುಲ್ತಾನಸಾಬ ಮೇಲಿನ ಗೆರೆಯ ಹತ್ತಿರ ಚೀಟಿ ತೆಗೆದುಕೊಂಡು ಸೊನ್ನೆ ಬರೆದು ಉರ್ದುವಿನಲ್ಲಿ ಸಹಿ ಮಾಡಿದ. “ಶಾಬಾಶ್. ಹೋಗು.”

ಸಾಬಣ್ಣ ಹೋದ. ಐದಾರು ಮೈಲಿ ಹೋದ. ಒಂದು ಬೇವಿನ ಮರದ ಕೆಳಗೆ ಇಳಿದು ರೊಟ್ಟಿ ಬಿಚ್ಚಿದ. ತಾಗಿದ್ದು ನೆಲವೋ, ಪೆಡಲಿನ ಅಂಚೋ? ಚಪ್ಪಲಿ ಬಿಚ್ಚಿ ನೋಡಿದ. ಹೆಬ್ಬೆರಳಿನ ತುದಿಯಲ್ಲಿ ತುಸು ಚರ್ಮ ಕೆತ್ತಿಹೋಗಿತ್ತು. ಪೆಡಲೂ ಹಾಗೆ ಕೆತ್ತೀತು, ಕಲ್ಲೂ ಕೆತ್ತೀತು. ಇನ್ನೊಂದು ಸಂಗತಿಯೂ ಅವನ ಮನಸ್ಸಿನಲ್ಲಿತ್ತು. ಆಡು ಜಿಗಿದಾಗ ಅವನು ಒಮ್ಮೆ ಬದಿಗೆ ನೋಡಿದ್ದ. ಸುಲ್ತಾನಸಾಬನ ಕೈಯಲ್ಲಿ ಕನ್ನಡಕವಿತ್ತು. ಮುದುಕ ಅದನ್ನು ಅಂಗಿಯ ಚುಂಗಿನಿಂದ ಒರೆಸುತ್ತಿದ್ದ.

ಒಂದು ಗೀಟು ಬಿದ್ದರೆ ಮೈನುದ್ದೀನನಿಗೆ ಸಮ. ಸಮವಾದರೆ ಮೊದಲು ಮುಟ್ಟುವವನು ಮೈನುದ್ದೀನನೇ, ಅದರಲ್ಲಿ ಅನುಮಾನವಿಲ್ಲ. ಗ್ಯಾಸಬತ್ತಿ ಹೋದಂತೆಯೇ. ಬಾಯಿ ಮುಚ್ಚಿಕೊಂಡು ಹೋದರೆ ಬತ್ತಿ ಶಾಲೆಗೆ ಬಂದೀತು. ಆಮೇಲೆ ದಿನವೂ ಅದರ ಕೆಳಗೆ ಕೂತು ಹೆಬ್ಬೆರಳು ನೋಡಿಕೊಳ್ಳಬೇಕು.

‘ಚೀಲ ಇನ್ನೂ ಗಾಡಿ ಏರಿಲ್ಲ’ ಎಂದುಕೊಂಡ ಸಾಬಣ್ಣ. ರೊಟ್ಟಿ ಕಟ್ಟಿಟ್ಟು ಸೈಕಲ್ಲನ್ನು ಸುರಪುರದ ಕಡೆಗೆ ತಿರುಗಿಸಿದ.

ಅವನನ್ನು ಕಂಡು ಸುಲ್ತಾನಸಾಬನ ಹುಬ್ಬು ಮೇಲೇರಿತು. “ಏನು ಬಿಟ್ಟು ಹೋಗಿದ್ದೆಪಾ?”

“ಚಾಚಾ, ಆ ತಿರುವಿನಾಗ ನನ್ನ ಕಾಲು ನೆಲಕ್ಕ ಹತ್ತಿತೋ ಏನೋ, ನನಗ ಖಾತ್ರಿ ಇಲ್ಲ.”

“ನಾ ಸೊನ್ನಿ ಬರದೀನಿ. ಮುಗೀತು.”

“ನೀವು ನೋಡೀರೇನ್ರಿ?”

ಮುದುಕನ ಮುಖ ಬಿಗಿಯಿತು. “ಮೂವತ್ತು ವರ್ಷ ಕಚೇರಿ ಬಾಗಲಾ ಕಾದೀನಿ. ನನ್ನ ಕಣ್ಣು ತಪ್ಪಿಸಿ ಒಂದು ಬೆಕ್ಕು ಒಳಗ ಹೋಗಿಲ್ಲ. ನೀ ನನಗ ಕೇಳಾಂವ?”

“ನಿಮ್ಮ ಮ್ಯಾಲ ಅನುಮಾನ ಇಲ್ರಿ. ಅನುಮಾನ ನನ್ನ ಕಾಲಿನ ಮ್ಯಾಲ. ಒಂದು ಗೀಟು ಹಾಕ್ರಿ, ಇಲ್ಲಂದ್ರ ಮರುತೂಕ ಕೊಡ್ರಿ. ಕೆಳಗಿನ ಗೆರಿಯಿಂದ ಮತ್ತ ಏರ್ತೀನಿ. ಮೊದಲಿಂದು ಬಿಟ್ಟುಬಿಡ್ರಿ. ಈ ಸಲ ಎಷ್ಟು ಸಲ ಊರ್ತದೋ ಅಷ್ಟೂ ಬರೀರಿ.”

“ಹತ್ತು ಸಲ ಊರಿದ್ರ?”

“ಹತ್ತು ಬರೀರಿ.”

ಸುಲ್ತಾನಸಾಬ ಕನ್ನಡಕ ತೆಗೆದು, ಎರಡೂ ಗಾಜು ತಿಕ್ಕಿ ತಿಕ್ಕಿ ಒರೆಸಿ, ಮೂಗಿನ ಮೇಲೇರಿಸಿದ. “ನಡಿ ಕೆಳಗ.”

ಏರಿದ ಏರನ್ನೇ ಏರಲು ಒಬ್ಬ ತಿರುಗಿ ಬಂದಿದ್ದಾನೆ ಎಂಬ ಸುದ್ದಿ ಹಬ್ಬಲು ತಡವಾಗಲಿಲ್ಲ. ಅಂಗಡಿಯವರು ಕಟ್ಟೆಗೆ ಬಂದರು, ಹೆಂಗಸರು ಮಾಳಿಗೆ ಹತ್ತಿದರು. “ಯಾರು ಬಡದು ಕಳಿಸ್ಯಾರ ಇವನಿಗೆ?” ಎಂದು ಒಬ್ಬಾಕೆ ಕೇಳಿದಳು. “ಯಾರೂ ಇಲ್ಲವ್ವ, ತಾನ ಬಂದಾನ” ಎಂದ ಪಕ್ಕದ ಅಂಗಡಿಯವನು.

ಸಾಬಣ್ಣ ಬಲದ ಅಂಚಿನಿಂದ ಎಡಕ್ಕೆ ಹೊರಳಿದ, ಎಡದಿಂದ ಬಲಕ್ಕೆ. ತೊಡೆಗಳು ಬೆಳಗಿನ ತೊಡೆಗಳಾಗಿರಲಿಲ್ಲ. ಸುಲ್ತಾನಸಾಬ ಸೊಂಟ ಬಗ್ಗಿಸಿ, ಅವನ ಎಡಗಾಲಿನ ಮೇಲೆ ಕಣ್ಣು ನೆಟ್ಟು, ಅಡ್ಡಡ್ಡವಾಗಿ ಅವನಷ್ಟೇ ದೂರ ನಡೆಯುತ್ತಿದ್ದ. ತಿರುವಿನಲ್ಲಿ ಸೈಕಲ್ಲು ನಿಂತೇಬಿಟ್ಟಿತು ಅನ್ನಿಸಿತು. ಅಪ್ಪನ ಕುರಿಗಳು ಇಂಥಲ್ಲಿ ಅವಸರ ಮಾಡುತ್ತಿರಲಿಲ್ಲ. ಸಾಬಣ್ಣ ಹ್ಯಾಂಡಲನ್ನು ಇನ್ನಷ್ಟು ಅಡ್ಡ ಎಳೆದು, ಬಂಡೆಗೆ ಭುಜ ತಾಗುವಷ್ಟು ಹತ್ತಿರ ಹೋಗಿ ಹೊರಳಿದ. ಪೆಡಲು ತಿರುಗಿತು.

ಮೇಲಿನ ಗೆರೆ ದಾಟಿ ಇಳಿದು ಅವನು ಚೀಟಿ ಚಾಚಿದ. ಸುಲ್ತಾನಸಾಬ ಏದುಸಿರು ಬಿಡುತ್ತಿದ್ದ. ಚೀಟಿಯಲ್ಲಿ ಮೊದಲಿನ ಸೊನ್ನೆಯನ್ನು ಹೊಡೆದು ಹಾಕಿ, ಪಕ್ಕದಲ್ಲಿ ಇನ್ನೊಂದು ಸೊನ್ನೆ ಬರೆದ.

“ಊರಿಲ್ಲ,” ಎಂದ. ಆಮೇಲೆ ತಗ್ಗಿದ ದನಿಯಲ್ಲಿ, “ಈ ಸಲ ನಾ ನೋಡೀನಿ” ಎಂದ.

ಹೊತ್ತು ಮುಳುಗಲು ಮಾರುದ್ದ ಇರುವಾಗ ಸಾಬಣ್ಣ ಶಹಾಪುರ ಮುಟ್ಟಿದ. ಬಸ್ಸಿನಲ್ಲಿ ಮೊದಲೇ ಬಂದು ಕಾಯುತ್ತಿದ್ದ ನೀಲಕಂಠ ಮಾಸ್ತರರು ಕಥೆ ಕೇಳಿ ತಲೆ ಹಿಡಿದುಕೊಂಡರು. “ಅಲ್ಲಪಾ, ಮಂದಿ ತಪ್ಪು ಮಾಡಿ ಮುಚ್ಚಿಡ್ತಾರ. ನೀ ಮಾಡದ ತಪ್ಪು ಹುಡುಕ್ಕೊಂಡು ಹನ್ನೊಂದು ಮೈಲಿ ಹೆಚ್ಚು ತುಳದಿ?”

“ಮಾಡೀನೋ ಇಲ್ಲೋ ಗೊತ್ತಿರಲಿಲ್ರಿ ಮಾಸ್ತರ್. ಅದ ತ್ರಾಸು.”

ಅವನಿಗೆ ಇನ್ನೂ ಒಂದು ಕೆಲಸ ಉಳಿದಿತ್ತು. ಸೈಕಲ್ಲಿಗೆ ಎಣ್ಣೆ ಬಿಡುತ್ತಿದ್ದ ಮೈನುದ್ದೀನನ ಎದುರು ಹೋಗಿ ನಿಂತು ಎಲ್ಲವನ್ನೂ ಹೇಳಿದ. “ನಿನಗ ಚೈನು ಬಿದ್ದಾಗ ಎರಡನೇ ಸಲ ಸಿಕ್ಕಿಲ್ಲ. ನನಗ ಸಿಕ್ತು. ನೀ ಒಪ್ಪಲಿಲ್ಲಂದ್ರ ನನ್ನ ಚೀಟಿಗೆ ಒಂದು ಗೀಟು ಹಾಕಸ್ತೀನಿ.”

ಮೈನುದ್ದೀನ ಎಣ್ಣೆಯ ಕೈ ಒರೆಸಿಕೊಂಡ. “ಆ ಸುರಪುರದ ಏರು ಒಂದ ಸಲಕ್ಕ ನನ್ನ ಅಜ್ಜಿ ನೆನಪಾದ್ಳು. ನೀ ಎರಡ ಸಲ ಏರೀದಿ, ಇನ್ನ ನಾ ಗೀಟು ಹಾಕು ಅನಬೇಕೇನು? ಹೋಗಿ ಕಾಲು ತಿಕ್ಕಿಸ್ಕೋ. ನಾಳೆ ನಿನ್ನ ನೆಟ್ಟಗ ಸೋಲಸ್ತೀನಿ.”

ಮರುದಿನ ಯಾದಗಿರಿಯ ಕೋಟೆಯ ಬುಡದ ಏರು ಹನ್ನೆರಡನೆಯದು, ಕೊನೆಯದು. ಸಾಬಣ್ಣನ ಚೀಟಿಯಲ್ಲಿ ಅಲ್ಲಿಯವರೆಗೂ ಗೀಟಿರಲಿಲ್ಲ. ಮೈನುದ್ದೀನ ಅರ್ಧ ತಾಸು ಮೊದಲೇ ಮುಟ್ಟಿ ಮೇಲಿನ ಗೆರೆಯ ಹತ್ತಿರ ಕುಕ್ಕುರುಗಾಲಲ್ಲಿ ಕೂತಿದ್ದ. ಬಜಾರಿನ ಹಮಾಲರೆಲ್ಲ ಬಂದಿದ್ದರು. ಮಲ್ಲಾಬಾಯಿ ಕಸಬರಿಗೆ ಹಿಡಿದುಕೊಂಡೇ ಬಂದಿದ್ದಳು. ಸಾಬಣ್ಣ ಕೆಳಗಿನ ಗೆರೆ ದಾಟಿ ಮೊದಲ ಹೊರಳು ಹೊರಳಿದಾಗ ಯಾರೂ ನಗಲಿಲ್ಲ. ಅವನು ಹೆಸರು ಕೊಟ್ಟಾಗ ಬಾಯಿ ತುಂಬ ನಕ್ಕವರು ಈಗ ಅವನ ಹೊರಳುಗಳನ್ನು ಎಣಿಸುತ್ತಿದ್ದರು. ಹತ್ತೊಂಬತ್ತು, ಇಪ್ಪತ್ತು. ಇಪ್ಪತ್ತೊಂದರಲ್ಲಿ ಸೈಕಲ್ಲು ಓಲಿತು. ಇಡೀ ಬಜಾರು ಉಸಿರು ಹಿಡಿಯಿತು.

“ಏ ಸಾಬಣ್ಣ,” ಮೇಲಿನಿಂದ ಮೈನುದ್ದೀನ ಕೂಗಿದ, “ಇವತ್ತ ಮರುತೂಕ ಕೇಳಬ್ಯಾಡೋ, ನನಗ ಹಸಿವಿ ಆಗ್ಯಾದ.”

ಸಾಬಣ್ಣನಿಗೆ ನಗು ಬಂತು. ನಗುತ್ತಲೇ ತುಳಿದ. ಗೆರೆ ದಾಟಿದ ಮೇಲೆ ಅಭ್ಯಾಸದಂತೆ ತಿರುಗಿ ನೋಡಿದ. ಗೆರೆ ಹಿಂದೆ ಇತ್ತು. ಎರಡೂ ಟೈರಿಗೆ ಹಸಿ ಸುಣ್ಣ ಹತ್ತಿತ್ತು. ಇನ್ನೊಮ್ಮೆ ನೋಡಬೇಕು ಅನ್ನಿಸಲಿಲ್ಲ. ಹಮಾಲರು ಅವನನ್ನು ಸೈಕಲ್ ಸಮೇತ ಎತ್ತಿಕೊಂಡರು. “ತೂಗ್ರೋ ಇವನ್ನ” ಎಂದು ಯಾರೋ ಕೂಗಿದರು. ಕೆಳಗಿಳಿಸಿ ಎಂದು ಅವನು ಹೇಳಲೇ ಇಲ್ಲ. ಬಜಾರಿನ ಉದ್ದಕ್ಕೂ ಹಮಾಲರ ಹೆಗಲ ಮೇಲೆ ನೆಟ್ಟಗೆ ಕೂತು ಹೋದ.

ಮರುದಿನ ಸಂಜೆ ಮಾಸ್ತರರು ಗ್ಯಾಸಬತ್ತಿಗೆ ಗಾಳಿ ಹೊಡೆದು ತೊಲೆಗೆ ತೂಗುಹಾಕಿದರು. ಬತ್ತಿ ಬುಸುಗುಟ್ಟಿ ಹತ್ತಿಕೊಂಡಿತು. ಮೂಲೆ ಮೂಲೆಯೂ ಬೆಳ್ಳಗಾಯಿತು. ಮಲ್ಲಾಬಾಯಿ ಹಿಂದಿನ ಸಾಲಿನಲ್ಲಿ ಪಾಟಿ ಹಿಡಿದು, ಅದರ ಮೇಲಿದ್ದುದನ್ನು ತಡೆಯಿಲ್ಲದೆ ಓದಿದಳು. ಎಲ್ಲರೂ ಸಾಬಣ್ಣನ ಕಡೆ ನೋಡಿದರು. ಅವನು ತಲೆ ತಗ್ಗಿಸಲಿಲ್ಲ.

ಓದಿ ಮುಗಿಸಿದ ಮಲ್ಲಾಬಾಯಿ ಕಣ್ಣೆತ್ತಿ ಗೋಡೆಯ ಬುಡ ನೋಡಿದಳು, ಬಾಗಿಲ ಸಂದಿ ನೋಡಿದಳು, ಮಾಸ್ತರರ ಮೇಜಿನ ಕೆಳಗೆ ನೋಡಿದಳು.

“ಯವ್ವಾ, ಇಷ್ಟು ಕಸ ಬಿಟ್ಟು ದಿನಾ ಗುಡಸೀನಿ ಅಂತ ಹೇಳ್ತಿದ್ದೆನಲ್ಲ,” ಎಂದು ಎದ್ದು ನಿಂತಳು. ಸೆರಗು ಸಿಕ್ಕಿಸಿಕೊಂಡು ಕಸಬರಿಗೆ ತೆಗೆದುಕೊಂಡಳು. “ಎಲ್ಲಾರೂ ಏಳ್ರಿ. ಮೊದಲಿಂದ ಗುಡಸ್ತೀನಿ.”

ಎಲ್ಲರಿಗಿಂತ ಮೊದಲು ಎದ್ದು ಚಾಪೆ ಸುತ್ತಿದವನು ಸಾಬಣ್ಣ.