ತಗಡಿನ ಆಚೆಯ ಪುದೀನ

ಪುದೀನ ಕೀಳಲು ಚಾಚಿದ ಚಿಕ್ಕವಳ ಕೈ ತಗಡಿನ ಮೇಲೆ ಬಂದು ನಿಂತುಬಿಟ್ಟಿತು. ತಾರಸಿಯ ಮೇಲಿನ ಹಳೇ ಬಾತ್‌ಟಬ್ಬಿನಲ್ಲಿ ಮಣ್ಣು ತುಂಬಿ ಮಾಡಿದ ತೋಟ. ಅದರ ನಡುವೆ ಅಡ್ಡಕ್ಕೆ ನೆಟ್ಟ ತುಕ್ಕು ತಗಡು. ಆಚೆ ದೊಡ್ಡವಳ ಪುದೀನ, ಈಚೆ ಇವಳ ಸೂಜಿಯೆಲೆಯ ರೋಸ್ಮರಿ ಗಿಡ. ಆರು ವರ್ಷ ಆ ಗಡಿ ದಾಟದ ಕೈ ಅದು. ಇವತ್ತು ತಡೆಯಲು ದೊಡ್ಡವಳೇ ಇಲ್ಲ. ಮೂರು ಮಹಡಿ ಕೆಳಗೆ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದಾಳೆ.

ಇಬ್ಬರೂ ಓರಗಿತ್ತಿಯರು. ಬೆಳಗಿನಿಂದ ಚಿಕ್ಕವಳು ಅಡುಗೆಮನೆ ಬಿಟ್ಟು ಕದಲಿರಲಿಲ್ಲ. ಬಂದವರಿಗೆ ಚಹಾ ಕಾಸಿದ್ದೇ ಕಾಸಿದ್ದು.

"ಒಂದ್ಸಲ ಹೋಗಿ ಮುಖ ನೋಡ್ಕೊಂಡು ಬಾರೇ," ಎಂದಿದ್ದರು ಅತ್ತೆ.

"ಹಾಲು ಉಕ್ಕುತ್ತೆ ಅತ್ತೆ."

"ಹಾಲಿಗೆ ನಾನಿದೀನಿ. ನಿನ್ನ ಹಟಕ್ಕೆ ಯಾರಿದಾರೆ?"

ನಡುಮನೆಯಿಂದ, ದೊಡ್ಡವಳು ಕ್ಯಾಂಟೀನು ನೋಡಿಕೊಳ್ಳುತ್ತಿದ್ದ ಆಸ್ಪತ್ರೆಯ ನರ್ಸಮ್ಮನ ದನಿ ಕೇಳುತ್ತಿತ್ತು. "ಸಪ್ಪೆ ಗಂಜಿ ಮೇಲೂ ಎರಡೆಲೆ ಪುದೀನ ಇಡೋರು ನಮ್ಮ ಕ್ಯಾಂಟೀನಕ್ಕ. ರೋಗಿ ನಾಲಿಗೆಗೂ ಮರ್ಯಾದೆ ಇದೆ ಕಣ್ರೇ ಅನ್ನೋರು."

ಊರ ರೋಗಿಗಳಿಗೆಲ್ಲ ಮರ್ಯಾದೆ, ಮನೆಯವಳಿಗೆ ತಗಡು ಎಂದುಕೊಂಡಳು ಚಿಕ್ಕವಳು. ಅಷ್ಟರಲ್ಲಿ ಹಾಲೂ ಮುಗಿಯಿತು. ಹಾಲಿಲ್ಲದಿದ್ದರೆ ಪುದೀನ ಹಾಕಿ ಕುದಿಸು, ಹೋಗಿ ತಾ ಎಂದು ಅತ್ತೆಯೇ ಮೇಲಕ್ಕೆ ಅಟ್ಟಿದ್ದರು.

*

ಯಾವುದೋ ಲಾಡ್ಜಿನವರು ಎಸೆದ ಆ ಟಬ್ಬನ್ನು ಇಬ್ಬರೂ ಸೇರಿಯೇ ಮೇಲಕ್ಕೆ ಹೊತ್ತಿದ್ದರು. ಮೆಟ್ಟಿಲು ಮೆಟ್ಟಿಲಿಗೂ ಕೂತು, ನಕ್ಕು, ಏದುಸಿರು ಬಿಟ್ಟು. ಎರಡು ವರ್ಷ ಒಂದೇ ಮಣ್ಣು, ಒಂದೇ ಕತ್ತರಿ.

ಒಂದು ಭಾನುವಾರ ಚಿಕ್ಕವಳು ಮೇಲೆ ಬಂದರೆ, ದೊಡ್ಡವಳು ಮಂಡಿಯೂರಿ ಟಬ್ಬಿನ ನಡುವೆ ತಗಡು ಇಳಿಸುತ್ತಿದ್ದಾಳೆ! ಆ ವಾರವಷ್ಟೇ ಅಣ್ಣತಮ್ಮಂದಿರು ಬೇರೆಯಾಗುವ ಮಾತೆತ್ತಿದ್ದರು.

"ಏನಕ್ಕ ಇದು? ಟಬ್ಬಲ್ಲೂ ಪಾಲು ಮಾಡ್ಬಿಟ್ರಾ?"

ಅಳತೆಯ ದಾರ ದೊಡ್ಡವಳ ಹಲ್ಲಿನ ನಡುವೆ ಇತ್ತು. ಅದನ್ನು ತೆಗೆಯುವಷ್ಟರಲ್ಲಿ ಚಿಕ್ಕವಳ ಬಾಯಿಂದ ಹತ್ತು ಮಾತು ಬಿದ್ದಿದ್ದವು. ಕೊನೆಯದು, "ಇನ್ನು ನೀವು ಸತ್ರೂ ಮುಖ ನೋಡಲ್ಲ!"

ದೊಡ್ಡವಳು ದಾರ ಉಗಿದಳು. "ಹೂಂ ಕಣೇ, ಪಾಲೇ. ಏನೀಗ?"

ಮನೆ ಬೇರೆಯಾಗಲಿಲ್ಲ, ಮಾತು ಬೇರೆಯಾಯಿತು. ಒಂದೇ ಒಲೆ, ಒಬ್ಬಳು ಅದರ ಮುಂದಿದ್ದರೆ ಇನ್ನೊಬ್ಬಳು ಕಿಟಕಿ ನೋಡುತ್ತಿದ್ದಳು. ಪುದೀನದ ಬಳ್ಳಿ ತಗಡು ಹತ್ತಿ ಈಚೆ ಇಣುಕಿದಾಗಲೆಲ್ಲ ಚಿಕ್ಕವಳು ಕಚಕ್ಕನೆ ಕತ್ತರಿಸಿ ಆಚೆಗೆ ಎಸೆಯುತ್ತಿದ್ದಳು. ದೊಡ್ಡವಳು ಅದನ್ನು ಬಾಚಿಕೊಳ್ಳುತ್ತಿದ್ದಳು.

*

"ನೀವೇನಾ ರೋಸ್ಮರಿ ತಂಗಿ?"

ಚಿಕ್ಕವಳು ತಿರುಗಿದಳು. ಗಿಡ ಮಾರುವ ನರ್ಸರಿಯವನು, ಮೆಟ್ಟಿಲು ಹತ್ತಿದ ಆಯಾಸಕ್ಕೆ ಸೊಂಟ ಹಿಡಿದು ನಿಂತಿದ್ದ.

"ಅಕ್ಕನ್ನ ನೋಡಿದೆ. ಅಕ್ಕನ ಟಬ್ಬನ್ನೂ ನೋಡ್ಕೊಂಡು ಹೋಗೋಣ ಅಂತ ಬಂದೆ." ಅವನು ಬಗ್ಗಿ ತಗಡಿಗೆ ಬೆರಳು ಬಡಿದ. "ಪರವಾಗಿಲ್ಲ, ನನ್ನ ತಗಡು ಇನ್ನೂ ಗಟ್ಟಿಯಾಗಿದೆ."

"ನಿಮ್ಮ ತಗಡಾ?"

"ಮತ್ತಿನ್ಯಾರದ್ದು? ಅಕ್ಕ ಓಡೋಡಿ ಬಂದಿದ್ರು. ನನ್ನ ಪುದೀನ ಮಣ್ಣೊಳಗಿಂದ್ಲೇ ಹೋಗಿ ತಂಗಿ ಗಿಡದ ಕುತ್ತಿಗೆ ಹಿಸುಕ್ತಿದೆ, ಏನಾದ್ರೂ ಮಾಡಪ್ಪಾ ಅಂತ. ಪುದೀನಾನ ಪಕ್ಕದಲ್ಲಿಟ್ಕೊಂಡ್ರೆ ಅಷ್ಟೇ ಕಣಮ್ಮ, ಉಂಡು ಹೋಗೋಕೆ ಬಂದ ನೆಂಟ ಮನೇನೇ ಬರೆಸ್ಕೊಂಡ ಹಾಗೆ! ಅದಕ್ಕೆ ದಿನಾ ನೀರು ಬೇಕು, ರೋಸ್ಮರಿಗೆ ನೀರು ಜಾಸ್ತಿಯಾದ್ರೆ ಬೇರೇ ಕೊಳೆಯುತ್ತೆ. ತಳದವರೆಗೂ ತಗಡು ಇಳಿಸಿ ಅಂತ ನಾನೇ ಕತ್ತರಿಸಿ ಕೊಟ್ಟೆ." ಅವಳ ಮುಖ ನೋಡಿ ಅವನ ಮಾತು ನಿಧಾನವಾಯಿತು. "ಯಾಕೆ, ಅಕ್ಕ ಹೇಳಿರ್ಲಿಲ್ವಾ?"

ಚಿಕ್ಕವಳು ತಗಡಿನ ಆಚೆಯ ಮಣ್ಣಿಗೆ ಬೆರಳು ಹಾಕಿದಳು. ಇಳಿಯಲಿಲ್ಲ. ಬಿಳಿ ಬೇರುಗಳು ಹೆಣೆದ ಚಾಪೆಯಂತೆ ತಗಡಿಗೆ ಒತ್ತಿಕೊಂಡು ನಿಂತಿದ್ದವು. ಈಚೆ ಹಾಕಿದಳು. ಅವಲಕ್ಕಿಯಂತೆ ಉದುರುದುರು ಮಣ್ಣು, ಗೆಣ್ಣಿನವರೆಗೂ ಸಲೀಸಾಗಿ ಹೋಯಿತು.

ಕೆಳಗೆ ಶವದ ವ್ಯಾನಿನ ಬಾಗಿಲು ಧಡಾರೆಂದಿತು.

"ತಡೀರಿ!" ಎಂದಳು. ಯಾರಿಗೂ ಕೇಳಲಿಲ್ಲ. ಕೈಗೆ ಸಿಕ್ಕ ಪುದೀನ ಕಿತ್ತು, ಅದನ್ನು ಮುಷ್ಟಿಯಲ್ಲಿ ಹಿಡಿದೇ ಮೂರು ಮಹಡಿ ಇಳಿದಳು. ಬೀದಿಗೆ ಬಂದಾಗ ವ್ಯಾನಿನ ಬೆನ್ನು ತಿರುವಿನಲ್ಲಿತ್ತು; ಆಮೇಲೆ ಬರೀ ತಿರುವು.

ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದರು. "ಎರಡು ಸಲ ಕರೆದೆ," ಎಂದರು. ಆಮೇಲೆ, ಅವಳ ಕಡೆ ನೋಡದೆ, "ಆಡಿದ ಮಾತು ಉಳಿಸ್ಕೊಂಡೆ ಬಿಡು."

*

ಜನ ಕರಗಿದ ಮೇಲೆ ಚಿಕ್ಕವಳು ಕತ್ತರಿ ಹಿಡಿದು ತಾರಸಿಗೆ ಹೋದಳು. ಹೊಸದೊಂದು ಪುದೀನದ ಬಳ್ಳಿ ತಗಡು ಹತ್ತಿ ಈಚೆ ಇಣುಕುತ್ತಿತ್ತು. ಅಭ್ಯಾಸಬಲದಿಂದ ಕತ್ತರಿ ಬಾಯಿ ತೆರೆಯಿತು. ಅದನ್ನು ಪಕ್ಕಕ್ಕಿಟ್ಟಳು. ರೋಸ್ಮರಿಯ ಬುಡದಲ್ಲೇ ಬೆರಳಿನಿಂದ ಒಂದು ಕುಳಿ ತೋಡಿ, ಬಳ್ಳಿಯ ತುದಿಯನ್ನು ಬಗ್ಗಿಸಿ ಒಳಗಿಟ್ಟು, ಅಲ್ಲೇ ಬೇರು ಬಿಡಲೆಂದು ಮಣ್ಣು ಮುಚ್ಚಿ ಅದುಮಿದಳು. ಆಮೇಲೆ ಚೊಂಬು ಎತ್ತಿ, ಪುದೀನಕ್ಕೆ ಬೇಕಾದಷ್ಟು, ರೋಸ್ಮರಿ ತಡೆಯಲಾರದಷ್ಟು ನೀರು ಹೊಯ್ದಳು.