ಇಂಟರ್ವಲ್ ಆದ ಮೇಲಿನ ಸಿನಿಮಾ

ಕ್ಷೌರದಂಗಡಿಯ ಯಜಮಾನನಿಗೆ ಗಿರಾಕಿಗಳು ಇಟ್ಟ ಹೆಸರು ಇಂಟರ್ವಲ್ ಅಣ್ಣ. ಎದುರಿಗೆ ಬರೀ ಅಣ್ಣ. ಇಂಟರ್ವಲ್ ಬೆನ್ನ ಹಿಂದಿನದು. ಆದರೆ ಮೂರು ಕಡೆ ಕನ್ನಡಿ ಇರುವ ಅಂಗಡಿಯಲ್ಲಿ ಬೆನ್ನ ಹಿಂದೆ ಅಂತ ಒಂದು ಜಾಗವೇ ಇರುವುದಿಲ್ಲ, ಹಾಗಾಗಿ ಅವನಿಗೂ ಅದು ಗೊತ್ತಿತ್ತು. ಬೇಸರವೇನಿರಲಿಲ್ಲ. ಒಳಗೊಳಗೇ ಒಂದಿಷ್ಟು ಜಂಬವೂ ಇತ್ತು.

ಹೆಸರು ಬಂದದ್ದು ಹೀಗೆ. ವಾರದ ರಜೆಯ ದಿನ ಅವನು ಹೆಂಡತಿಯನ್ನು ಕರೆದುಕೊಂಡು ಮಧ್ಯಾಹ್ನದ ಆಟಕ್ಕೆ ಹೋಗುತ್ತಿದ್ದ. ಇಂಟರ್ವಲ್ಲಿಗೆ ದೀಪ ಹತ್ತಿದ್ದೇ ತಡ, ಎದ್ದುಬಿಡುತ್ತಿದ್ದ. "ಸಾಕು ಏಳು ಇವಳೇ, ಮುಂದಿಂದು ಗೊತ್ತಾಯ್ತು." ಅವಳು ಚೀಲ ಹೆಗಲಿಗೇರಿಸಿ ಹಿಂದೆ ಬರುತ್ತಿದ್ದಳು. ಮರುದಿನ ಅಂಗಡಿಯಲ್ಲಿ ಇಡೀ ಸಿನಿಮಾದ ತೀರ್ಪು, ನೋಡದ ಕೊನೆಯ ದೃಶ್ಯವೂ ಸೇರಿ. ಅರ್ಧ ನೋಡಿ ಪೂರ್ತಿ ಹೇಗಪ್ಪಾ ಹೇಳ್ತೀಯ ಅಂತ ಯಾರಾದರೂ ಕೇಳಿದರೆ, "ಮುಂದಲೆ ನೋಡಿದ್ರೆ ಹಿಂದಿನ ಸುಳಿ ಎಲ್ಲಿದೆ ಅಂತ ನಂಗೆ ಗೊತ್ತಾಗಲ್ವಾ?" ಎನ್ನುತ್ತಿದ್ದ.

ಅವನ ಬಾಯಿಗೆ ಮುಲಾಜು ಅನ್ನುವುದೇ ಇರಲಿಲ್ಲ. ಯುದ್ಧದ ಸಿನಿಮಾ ಬಂದರೆ, "ಮೂರು ವರ್ಷ ಕಾಡಲ್ಲಿದ್ದನಂತೆ, ಕಿವಿ ಹತ್ರ ಗೆರೆ ನೋಡು, ನಿನ್ನೆ ಕಟಿಂಗ್ ಆದಂಗಿದೆ. ಶತ್ರುಗಳ ಕಡೆ ಯಾರೋ ಒಳ್ಳೆ ಬಾರ್ಬರ್ ಇದ್ದಿರಬೇಕು." ಗೋಡೆಯ ಟಿವಿಯಲ್ಲಿ ಪತ್ತೇದಾರಿ ಧಾರಾವಾಹಿ ಬಂದರೆ, "ಕೊಲೆ ಮಾಡಿದ್ದು ಟೀ ತಂದುಕೊಡ್ತಾನಲ್ಲ, ಅವನು. ಅವನಿಗೊಂದು ಮಾತೂ ಕೊಟ್ಟಿಲ್ಲ, ಮತ್ಯಾಕೆ ಕರೆಸಿದ್ದಾರೆ?" ಇನ್ನೊಂದು ಧಾರಾವಾಹಿಯಲ್ಲಿ ಅತ್ತೆಗೆ ವಿಷ ಹಾಕಲು ಸೊಸೆ ಆರು ವಾರ ತೆಗೆದುಕೊಂಡದ್ದು ಅವನಿಗೆ ಸುತಾರಾಂ ಹಿಡಿಸಿರಲಿಲ್ಲ. ಅಷ್ಟು ಹೊತ್ತಿಗೆ ಅತ್ತೆ ತಾನಾಗಿಯೇ ಹೋಗಿರುತ್ತಿದ್ದಳು ಎಂಬುದು ಅವನ ವಾದ. ಕಾಡುಪ್ರಾಣಿಗಳ ಕಾರ್ಯಕ್ರಮ ಒಂದನ್ನೇ ಅವನು ಹೊಗಳುತ್ತಿದ್ದದ್ದು. ಸಿಂಹಕ್ಕೆ ಡೈಲಾಗ್ ಬರೆಯುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲವಲ್ಲ, ಅದಕ್ಕೆ.

ಆದರೆ ಅಳಿಸುವ ಸಿನಿಮಾಗಳ ಮೇಲೆ ಅವನಿಗೆ ತಮಾಷೆ ಇರಲಿಲ್ಲ, ನಿಜವಾದ ಸಿಟ್ಟಿತ್ತು. "ಈರುಳ್ಳಿ ಹೆಚ್ಚಿದ್ರೂ ಕಣ್ಣಲ್ಲಿ ನೀರು ಬರುತ್ತೆ. ಅದಕ್ಕೆ ಅಷ್ಟು ದೊಡ್ಡ ಪರದೆ ಬೇಕಾ?" ಎಂದು ಹೇಳುವಾಗ ಅವನ ಕತ್ತರಿ ಸ್ವಲ್ಪ ಜೋರಾಗಿಯೇ ಆಡುತ್ತಿತ್ತು.

ಒಂದು ದಿನ ಬೆಳಿಗ್ಗೆ ಅವನ ಕುರ್ಚಿಗೆ ಹೊಸ ಗಿರಾಕಿ ಬಂದು ಕೂತ. ಹತ್ತಿರದ ಚಿತ್ರಮಂದಿರದ ಗೇಟ್‌ಕೀಪರ್, ಟಿಕೆಟ್ ಹರಿದು ಒಳಗೆ ಬಿಡುವವನು. ಅವನ ಕಾಯಂ ಅಂಗಡಿ ಮುಚ್ಚಿತ್ತಂತೆ. ಯಜಮಾನ ಇಷ್ಟು ವರ್ಷ ಅದೇ ಬಾಗಿಲಿಂದ ಒಳಗೆ ಹೋಗಿದ್ದರೂ ಇಬ್ಬರಿಗೂ ಪರಸ್ಪರ ಗುರುತು ಸಿಗಲಿಲ್ಲ. ಬಾಗಿಲಲ್ಲಿ ನಿಂತವನು ನೋಡುವುದು ಚಾಚಿದ ಕೈಗಳನ್ನು, ಮುಖಗಳನ್ನಲ್ಲ. ಯಜಮಾನ ಎಂದಿನಂತೆ ಸಿನಿಮಾಗಳನ್ನು ಬೈಯತೊಡಗಿದ. ಇಂಟರ್ವಲ್ ಆದ ಮೇಲೆ ನೋಡುವಂಥದ್ದು ಯಾವುದರಲ್ಲೂ ಏನೂ ಇರುವುದಿಲ್ಲ ಅಂದ.

ಗೇಟ್‌ಕೀಪರ್ ನಕ್ಕ. "ಹಂಗನ್ಬೇಡಿ ಅಣ್ಣ. ಬರೀ ಇಂಟರ್ವಲ್ ಆದ ಮೇಲಿಂದೇ ನೋಡೋಕೆ ಒಬ್ರು ಬರ್ತಾರೆ ನಮ್ಮಲ್ಲಿ."

"ಯಾರಪ್ಪ ಆ ಪುಣ್ಯಾತ್ಮ?"

"ಒಬ್ಬ ಅಕ್ಕ. ಹಿಂದಿನ ದಿನದ ಹರಿದ ಟಿಕೆಟ್ ತೋರಿಸ್ತಾರೆ. ಅರ್ಧಕ್ಕೇ ಎದ್ದು ಹೋಗ್ಬೇಕಾಯ್ತು, ಉಳಿದರ್ಧ ನೋಡ್ಕೊಂಡು ಹೋಗ್ತೀನಿ ಅಂತಾರೆ. ಕಾನೂನಲ್ಲಿ ಇಲ್ಲ, ಆದ್ರೂ ಬಿಡ್ತೀನಿ. ಸೀಟು ಕೇಳಲ್ಲ ಪಾಪ, ಹಿಂದಿನ ಗೋಡೆಗೆ ಒರಗಿ ನಿಂತೇ ನೋಡ್ತಾರೆ. ಹನ್ನೆರಡು ವರ್ಷ ಆಯ್ತು."

"ಅರ್ಧಕ್ಕೆ ಯಾಕೆ ಎದ್ದು ಹೋಗ್ತಾರಂತೆ?"

"ಮಗು ಕಾಟವಂತೆ. ಇಂಟರ್ವಲ್ ಆದ ತಕ್ಷಣ ಹೆದರ್ಕೊಂಡು ಮನೆಗೆ ಹೋಗೋಣ ಅಂತ ಹಟ ಹಿಡಿಯುತ್ತಂತೆ. ನಾನೂ ಮೊನ್ನೆ ಕೇಳೇಬಿಟ್ಟೆ, ಏನಕ್ಕಾ, ಹನ್ನೆರಡು ವರ್ಷದಿಂದ ಅದೇ ಮಗುನಾ, ಇನ್ನೂ ದೊಡ್ಡದಾಗ್ಲಿಲ್ವಾ ಅಂತ. ನಕ್ಬಿಟ್ರು. ಅದು ದೊಡ್ಡದಾಗೋ ಮಗು ಅಲ್ಲಪ್ಪ ಅಂದ್ರು. ಅದೇನು ಕಾಯಿಲೆನೋ, ಮತ್ತೆ ಕೇಳೋಕೆ ಮನಸ್ಸು ಬರ್ಲಿಲ್ಲ. ಕೈಯಲ್ಲಿ ಯಾವಾಗ್ಲೂ ಒಂದು ನೀಲಿ ಕೊಡೆ. ಹಿಡಿ ಮುರಿದು ಬಿಳಿ ಟೇಪು ಸುತ್ತಿದ್ದಾರೆ."

ಆ ಟೇಪು ಸುತ್ತಿದ್ದು ಯಜಮಾನನೇ. ಕಟಿಂಗ್ ಮಷೀನಿನ ವಯರಿಗೆ ಸುತ್ತಿ ಉಳಿದದ್ದನ್ನು ಮನೆಗೆ ಒಯ್ದು ಹೆಂಡತಿಯ ಕೊಡೆಗೆ ಸುತ್ತಿಕೊಟ್ಟಿದ್ದ. ಅವನ ಮನೆಯಲ್ಲಿ ಮಗು ಇರಲಿಲ್ಲ. ಕೈ ಒಂದು ಕ್ಷಣ ತಾನಾಗಿ ಓಡಿ, ಗೇಟ್‌ಕೀಪರನ ಬಲಗಡೆಯ ಕೆನ್ನೆಗೂದಲು ಕಿವಿಯ ಮೇಲಕ್ಕೆ ಹಾರಿತು. ಎಡಗಡೆಯದನ್ನೂ ಅಲ್ಲಿಗೇ ಏರಿಸಬೇಕಾಯಿತು. "ಈಗ ಇದೇ ಸ್ಟೈಲು" ಎಂದು ಹೇಳಿ, ಇಪ್ಪತ್ತು ವರ್ಷಗಳ ಕಸುಬಿನಲ್ಲಿ ಮೊದಲ ಸಲ ಅವನು ಗಿರಾಕಿಯ ಕಣ್ಣು ತಪ್ಪಿಸಿದ.

ಗೇಟ್‌ಕೀಪರ್ ಹೋದ ಮೇಲೆ ಅವನು ಗಿರಾಕಿಯ ಕುರ್ಚಿಯಲ್ಲಿ ತಾನೇ ಕೂತ. ಯಾಕೆ ಎದ್ದು ಬರುತ್ತಿದ್ದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದನಷ್ಟೆ. ನಿಮಗೆ ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹೇಳಿದ ವರ್ಷ ಇಬ್ಬರೂ ಒಂದು ಸಿನಿಮಾಕ್ಕೆ ಹೋಗಿದ್ದರು. ದ್ವಿತೀಯಾರ್ಧದಲ್ಲಿ ಕಳೆದುಹೋಗಿದ್ದ ಒಂದು ಕೂಸು ಅಪ್ಪನ ಕೈಗೆ ಸಿಗುತ್ತದೆ. ಅಷ್ಟಕ್ಕೇ ಅವನು ಬಿಕ್ಕಿ ಬಿಕ್ಕಿ ಅತ್ತಿದ್ದ. ಬಾಯಿಗೆ ಕೈ ಒತ್ತಿದರೂ ನಿಲ್ಲಲಿಲ್ಲ. ದೀಪ ಹತ್ತಿದಾಗ ಮುಂದಿನ ಸೀಟಿನಿಂದ ಹಿಂತಿರುಗಿ ನೋಡಿದವನು ಅಂಗಡಿಯ ಕಾಯಂ ಗಿರಾಕಿ. ಮರುದಿನ ಕನ್ನಡಿಯೊಳಗೆ ಆ ಗಿರಾಕಿಯ ತುಟಿಯಂಚಿನ ನಗೆ ನೋಡಿದವನೇ, ಆ ಸಿನಿಮಾವನ್ನು ಹಿಗ್ಗಾಮುಗ್ಗಾ ಬೈದ. ಅಂದಿನಿಂದ ಅವನು ದ್ವಿತೀಯಾರ್ಧ ನೋಡಿಲ್ಲ.

ಅವತ್ತು ಪಕ್ಕದ ಸೀಟಿನಲ್ಲಿ ಅವಳೂ ಇದ್ದಳಲ್ಲ, ಅವಳು ಅತ್ತಳೋ ಇಲ್ಲವೋ? ಎಷ್ಟು ಯೋಚಿಸಿದರೂ ಅವನಿಗೆ ನೆನಪಾಗಲಿಲ್ಲ. ಅವನು ನೋಡಿಯೇ ಇರಲಿಲ್ಲ. ಡಾಕ್ಟರ ಮಾತು ಇಬ್ಬರಿಗೂ ಹೇಳಿದ್ದು. ಓಡಿ ಬಂದವನು ತಾನು, ಅವಳನ್ನೂ ಎಳೆದುಕೊಂಡು. ಪ್ರತಿ ಸಲವೂ ಅವಳು ಮಾರನೆಯ ದಿನ ಒಬ್ಬಳೇ ಹೋಗಿ ಗೋಡೆಗೆ ಒರಗಿ ನಿಂತಳು. ಮೇಲಾಗಿ, ತಾನು ಊಹಿಸಿದ ಕೊನೆಗಳನ್ನು ಮನೆಯಲ್ಲಿ ಒದರಿದಾಗೆಲ್ಲ, ನಿಜವಾದ ಕೊನೆ ನೋಡಿ ಬಂದವಳು "ಹಾಗೇ ಇರಬೇಕು ರೀ" ಎಂದು ತಲೆಯಾಡಿಸಿದ್ದಾಳೆ. ಎಷ್ಟು ಸಲವೋ.

ಆ ವಾರವೆಲ್ಲ ಹೇಳಬೇಕು ಎಂದು ಬಾಯಿ ತೆರೆಯುವುದು, ಟಿವಿ ಹಾಕುವುದು. "ಏನ್ರೀ, ಯಾರನ್ನೂ ಬೈತಾನೇ ಇಲ್ವಲ್ಲ?" ಎಂದು ಅವಳೇ ಕೇಳಿದಳು. ಗಂಟಲು ನೋವು ಅಂದ. ಉಪ್ಪುನೀರು ಕಾಯಿಸಿ ತಂದುಕೊಟ್ಟಳು. ಅದರಲ್ಲಿ ಬಾಯಿ ಮುಕ್ಕಳಿಸುವಾಗ ತನ್ನಂಥ ನೀಚ ಇನ್ನೊಬ್ಬನಿಲ್ಲ ಎನ್ನಿಸಿತು.

ರಜೆಯ ದಿನ ಬಂತು. ಗ್ಯಾರೇಜು ನಡೆಸುವ ಇಬ್ಬರು ಅಣ್ಣತಮ್ಮಂದಿರು ಕಿತ್ತಾಡುವ ಸಿನಿಮಾ. ಇಂಟರ್ವಲ್ಲಿಗೆ ದೀಪ ಹತ್ತಿತು. ಅವನು ಹೇಳುವ ಮೊದಲೇ ಅವಳು ಚೀಲ ಹೆಗಲಿಗೇರಿಸಿ ಎದ್ದು ನಿಂತಿದ್ದಳು.

"ಕೂತ್ಕೋ" ಅಂದ.

"ಯಾಕೆ, ತಲೆ ಸುತ್ತುತ್ತಾ?"

"ಇಲ್ಲ. ಪೂರ್ತಿ ನೋಡೋಣ." ಅವಳು ನಿಂತೇ ಇದ್ದಳು. ಅವನು ಎದುರಿನ ಸೀಟಿನ ಬೆನ್ನನ್ನು ನೋಡುತ್ತಾ ಹೇಳಿದ. "ಗೇಟ್‌ಕೀಪರ್ ಅಂಗಡಿಗೆ ಬಂದಿದ್ದ."

ಅವಳು ಮೆಲ್ಲನೆ ಕೂತಳು. "ಮಗು ವಿಷ್ಯನೂ ಹೇಳಿದ್ನಾ?" ಎಂದಳು.

"ಹೇಳ್ದ. ತಪ್ಪಾಯ್ತು ಇವಳೇ. ಇನ್ಮೇಲೆ ಅರ್ಧಕ್ಕೆ ಎಬ್ಬಿಸಲ್ಲ. ನಿಲ್ಲಬೇಡ ನೀನು, ಇಲ್ಲೇ ಪಕ್ಕದಲ್ಲಿ ಕೂತು ನೋಡು. ಪ್ರತಿ ವಾರ."

ಅವಳ ಮುಖ ಅರಳಬಹುದು ಎಂದುಕೊಂಡಿದ್ದ. ಅರಳಲಿಲ್ಲ. ಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, "ಹಾಗಾದ್ರೆ ಇನ್ಮೇಲೆ ಮಾರನೇ ದಿನ ಬರೋ ಹಾಗಿಲ್ಲ ನಾನು" ಅಂದಳು.

"ಯಾಕೆ ಬರ್ಬೇಕು? ಪೂರ್ತಿ ಇವತ್ತೇ ನೋಡ್ತೀಯಲ್ಲ."

"ಸಿನಿಮಾ ನೋಡೋಕೆ ಬರ್ತಿದ್ದೆ ಅಂತ ತಿಳ್ಕೊಂಡ್ರಾ? ಮನೇಲಿ ನಾನು ಅತ್ರೆ ನೀವು ಟಿವಿ ಹಾಕ್ತೀರಿ. ಹಾಕಿ, ಏನಾದ್ರೂ ಹೇಳಿ ನಗಿಸೋಕೆ ನೋಡ್ತೀರಿ. ನಾನೂ ನಗ್ತೀನಿ, ನೀವು ಅಷ್ಟು ಕಷ್ಟಪಡ್ತೀರಲ್ಲ ಅಂತ. ಇಲ್ಲಿ ಆ ಗೋಡೆ ಹತ್ರ ನಿಂತ್ರೆ ಯಾರೂ ಏನೂ ಹೇಳಲ್ಲ."

ತನ್ನ ತಪ್ಪು ಎಷ್ಟು ದೊಡ್ಡದೆಂದು ಈ ವಾರವೆಲ್ಲ ಅಳೆದಿದ್ದನಲ್ಲ, ಅದು ಅದರ ಅರ್ಧವೂ ಅಲ್ಲ ಎಂದು ಅವನಿಗೆ ಈಗ ತಿಳಿಯಿತು. ಜನ ಒಳಗೆ ಬರುತ್ತಿದ್ದರು. ದೀಪಗಳು ಒಂದೊಂದಾಗಿ ಆರತೊಡಗಿದವು.

"ನಾನು ಹೊರಗೆ ಹೋಗಿ ಕೂತಿರ್ಲಾ?" ಎಂದು ಕೇಳಿದ.

ಅವಳು ಚೀಲವನ್ನು ಕಾಲ ಬಳಿ ಇಳಿಸಿದಳು. ಪರದೆಯ ಮೇಲೆ ಆಗಲೇ ಅಣ್ಣ ತಮ್ಮನ ಮೇಲೆ ಸ್ಪ್ಯಾನರ್ ಎಸೆದಿದ್ದ.

"ಬೇಡ, ಇರಿ. ಆದ್ರೆ ಏನೂ ಹೇಳ್ಬೇಡಿ."

ಅವನು ಇದ್ದ. ಸಿನಿಮಾದ ತಮ್ಮನು ಸ್ಪ್ಯಾನರಿನಿಂದ ತಪ್ಪಿಸಿಕೊಳ್ಳಲು ಹೋಗಿ ಎಣ್ಣೆಯ ಡ್ರಮ್ಮಿನೊಳಗೆ ಬಿದ್ದ, ಎದ್ದು ಬಂದಾಗ ಕೂದಲಿಗೆ ಒಂದು ತೊಟ್ಟೂ ತಾಗಿರಲಿಲ್ಲ. ಯಜಮಾನನ ಬಾಯಿಗೆ ಮಾತು ಬಂತು, ನುಂಗಿಕೊಂಡ. ಸುತ್ತ ಎಲ್ಲರೂ ನಗುತ್ತಿದ್ದರು. ಪಕ್ಕದಲ್ಲಿ ಅವಳು ಅಳಲು ಶುರುಮಾಡಿದಳು, ಮೊದಲು ಸದ್ದಿಲ್ಲದೆ, ಆಮೇಲೆ ಹೆಗಲು ಅದುರುವಂತೆ. ಅವನು ಪರದೆಯನ್ನು ಬಿಟ್ಟು ಅವಳ ಕಡೆಗೆ ತಿರುಗಿ ಕೂತ. ಸಿನಿಮಾ ಮುಗಿಯಲು ಇನ್ನೂ ಒಂದು ಗಂಟೆಗಿಂತ ಹೆಚ್ಚು ಹೊತ್ತಿತ್ತು, ಅಷ್ಟು ಹೊತ್ತೂ ಅವನು ಏನೂ ಹೇಳಲಿಲ್ಲ.