ರೇಡಿಯೋ ಗೌಸ್ ಪೀರನ ಕಿವಿ

ಗೌಸ್ ಪೀರನ ಶವ ಹೊತ್ತ ಜನಾಜಾಕ್ಕೆ ಹೆಗಲು ಕೊಟ್ಟವನೇ ಹಾಲಸ್ವಾಮಿ ಹಿಂದೆ ತಿರುಗಿ ನೋಡಿದ. ಹಿರಿಯೂರಿನ ಅರ್ಧ ಪೇಟೆಯೇ ಬರುತ್ತಿತ್ತು. ಇಪ್ಪತ್ತೈದು ವರ್ಷ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದ ತಾನು ಸತ್ತರೆ ಇಷ್ಟು ಜನ ಬಂದಾರೆಯೇ?

“ಬಸ್‌ಸ್ಟ್ಯಾಂಡ್ ಅಂಗಡಿಯೆಲ್ಲ ಬಂದ್ ಮಾಡ್ಯಾರೆ ನೋಡ್ರಿ,” ಪಕ್ಕದಲ್ಲಿದ್ದ ಹೋಟೆಲ್ ಪಾಪಣ್ಣ ಪಿಸುಗುಟ್ಟಿದ. “ಒಬ್ಬ ರೇಡಿಯೋ ರಿಪೇರಿಯೋನಿಗೆ!”

“ಹೂಂ,” ಎಂದ ಹಾಲಸ್ವಾಮಿ. ಸತ್ತವನ ಮೇಲೂ ಹೊಟ್ಟೆ ಉರಿಯುತ್ತಿತ್ತು.

*

ಏಳು ವರ್ಷದ ಹಿಂದೆ, ಎಪ್ಪತ್ತನೇ ಇಸವಿಯಲ್ಲಿ, ಗೌಸ್ ಪೀರ್ ಹಳೆಯ ರೇಡಿಯೋ ವಾಲ್ವುಗಳಿಂದ ಪೆಟ್ಟಿಗೆಯಂಥ ಒಂದು ವಾದ್ಯ ಮಾಡಿದ. ಅದನ್ನು ಮುಟ್ಟಬೇಕಾಗಿರಲಿಲ್ಲ, ಅದರ ಮೇಲೆ ನಿಂತ ಕಂಬಿಯ ಹತ್ತಿರ ಕೈಯಾಡಿಸಿದರೆ ಹಾಡುತ್ತಿತ್ತು. ಅಂಚೆಯಲ್ಲಿ ಪುಸ್ತಕ ತರಿಸಿ, ನಿಘಂಟು ಪಕ್ಕದಲ್ಲಿಟ್ಟುಕೊಂಡು, ವಿದ್ಯುತ್ತಿನಿಂದ ನಾದ ಹುಟ್ಟಿಸಿದವರ ಚರಿತ್ರೆಯನ್ನೆಲ್ಲ ಓದಿದ್ದ.

“ಐವತ್ತು ವರ್ಷದ ಹಿಂದೇನೇ ರಷ್ಯಾದಾಗೆ ಇಂಥದ್ದು ಮಾಡಿದ್ರಂತೆ ಹಾಲಣ್ಣ!” ಎಂದಿದ್ದ ಗೌಸ್ ಪೀರ್.

ಹೈಸ್ಕೂಲಿನ ವಾರ್ಷಿಕೋತ್ಸವದಲ್ಲಿ ಜನ ಆ ಪೆಟ್ಟಿಗೆಯ ಸುತ್ತ ಮುಗಿಬಿದ್ದರು. ಹಾರ್ಮೋನಿಯಂ ಮುಂದೆ ಹಾಲಸ್ವಾಮಿ ಒಬ್ಬನೇ ಕುಳಿತಿದ್ದ.

ಸುದ್ದಿ ತಿಳಿದು, ದೂರದ ಸಂಸ್ಥೆಯೊಂದರಲ್ಲಿ ಅಂಥ ಸಂಗೀತ ಕಲಿಸುತ್ತಿದ್ದ ಪ್ರೊಫೆಸರೊಬ್ಬರು ಅವನ ರಿಪೇರಿ ಅಂಗಡಿಗೇ ಬಂದರು. ಗೌಸ್ ಪೀರನನ್ನು ಕರೆದೊಯ್ದು ಓದಿಸುವ ಮನಸ್ಸಿತ್ತು ಅವರಿಗೆ. ಅಲ್ಲೇ ಕುಳಿತಿದ್ದ ಹಾಲಸ್ವಾಮಿಯತ್ತ ತಿರುಗಿದರು.

“ಯಂತ್ರ ನನಗೆ ಗೊತ್ತಾಗುತ್ತೆ. ಸ್ವರದ ವಿಷಯ ನೀವು ಹೇಳಿ. ಇವರಿಗೆ ಸ್ವರಜ್ಞಾನ ಇದೆಯೇ?”

“ಕೈ ಐತೆ ಸಾರ್. ಕಿವಿ ಇಲ್ಲ.”

ಗೌಸ್ ಪೀರ್ ಅಲ್ಲೇ ನಿಂತಿದ್ದ. ಪ್ರೊಫೆಸರ್ ಒಬ್ಬರೇ ಬಸ್ಸು ಹತ್ತಿದ ಮೇಲೆ, “ಬಾ ಹಾಲಣ್ಣ, ಚಾ ಕುಡಿಯಾಣ” ಎಂದನಷ್ಟೇ.

*

ಮಣ್ಣು ಮಾಡಿ ಬಂದು ಹಾಲಸ್ವಾಮಿ ಸತ್ತವನ ಮನೆ ಮುಂದೆ ಕುಳಿತಾಗ ಗೌಸ್ ಪೀರನ ಮಗಳು ಸಾಜಿದಾ ನೀರು ತಂದುಕೊಟ್ಟಳು. ಅತ್ತು ಅತ್ತು ಅವಳ ದನಿ ಒಡೆದಿತ್ತು.

“ಚಾಚಾ, ಆ ಪೆಟ್ಟಿಗೆ ನಿಮಗೇ ಕೊಡಬೇಕು ಅಂದಿದ್ರು ಅಬ್ಬಾ.”

“ನಂಗ್ಯಾಕಮ್ಮ? ಅವನು ನುಡಿಸ್ತಿದ್ದುದಲ್ವಾ?”

“ಎಲ್ಲಿ ನುಡಿಸಿದ್ರು? ಆ ಸಾರ್ ಬಂದು ಹೋದಾಗಿಂದ ಅದರ ಹತ್ರಾನೇ ಹೋಗಿಲ್ಲ. ಪುಸ್ತಕ ಓದ್ತಿದ್ರು, ಅಷ್ಟೆ. ಯಾಕೆ ಅಂದ್ರೆ, ‘ನಂಗೆ ಕಿವಿ ಇಲ್ಲಮ್ಮ, ಹಾಲಣ್ಣ ಹೇಳ್ಯಾನೆ. ಸಂಗೀತದಾಗೆ ಅವನು ಸುಳ್ಳು ಹೇಳೋನಲ್ಲ’ ಅಂತಿದ್ರು.”

ಬಾಯಿಯವರೆಗೂ ಹೋದ ಲೋಟ ಅಲ್ಲೇ ನಿಂತಿತು. ಸುಮ್ಮನಿರಬಹುದಿತ್ತು. ಇನ್ನು ಕೇಳುವವರು ಯಾರೂ ಇರಲಿಲ್ಲ.

“ಸುಳ್ಳೇ ಹೇಳಿದ್ದೆ ಕಣಮ್ಮ,” ಎಂದ. “ಅವನ ಕಿವಿ ನನ್ನದಕ್ಕಿಂತ ಚೆನ್ನಾಗಿತ್ತು. ಅದ್ಕೇ ಹೇಳ್ದೆ.”

 ಸಾಜಿದಾ ಕೈಚಾಚಿ ಅವನ ಬೆರಳುಗಳಿಂದ ಲೋಟ ಬಿಡಿಸಿಕೊಂಡು, ತುಂಬಿದ್ದ ನೀರನ್ನು ಬಿಸಿಲಿನ ಮಣ್ಣಿಗೆ ಚೆಲ್ಲಿ ಒಳಗೆ ಹೋದಳು.